ಮೊಡವೆ ಮುಖಕ್ಕೆ ಕಲ್ಲು ತಿಕ್ಕಿಸಿದವರಲ್ಲಿ ನಾವೂ ಇದ್ದೇವೆ

ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇವೆ.

ಕಳೆದ ವರ್ಷ ಶ್ರಾವಣದ ಹೊತ್ತಿಗೆ, ನಾವು ಸುದ್ದಿ ಕಳಿಸುವ ಪತ್ರಿಕೆಯ ಡೆಸ್ಕ್‌ನಿಂದ ಫೋನ್ ಬಂತು. ಮಹಿಳಾ ಪುಟದಲ್ಲಿ ಜಾಗ ಉಳಿದಿದೆ, ಗುವಾ ಶಾ ಟ್ರೆಂಡಿಂಗ್‌ನಲ್ಲಿದೆ, 300 ಪದ ಬರೆದು ಸಂಜೆಯೊಳಗೆ ಕಳಿಸಿ ಅಂದರು. ನಮಗೆ ಮೆಣಸಿನಕಾಯಿ ದರ ಗೊತ್ತು, ಕೆರೆ ಒತ್ತುವರಿ ಗೊತ್ತು, ಗ್ರಾಮ ಪಂಚಾಯಿತಿ ಜಗಳ ಗೊತ್ತು. ಗುವಾ ಶಾ ಗೊತ್ತಿರಲಿಲ್ಲ. ಮೂರು ರೀಲ್ಸ್ ನೋಡಿ ಅರ್ಧ ಗಂಟೆಯಲ್ಲಿ ಬರೆದು ಕಳಿಸಿದೆವು. ಎಣ್ಣೆ ಚರ್ಮದವರಿಗೆ, ಮೊಡವೆ ಇರುವವರಿಗೂ ಇದರಿಂದ ಒಳ್ಳೆಯ ಫಲಿತಾಂಶ ಸಿಗುತ್ತದೆ ಅನ್ನುವ ಸಾಲೂ ಅದರಲ್ಲಿತ್ತು. ಆ ಸಾಲಿಗೆ ಆಧಾರ ಏನು ಅಂತ ಡೆಸ್ಕ್ ಕೇಳಲಿಲ್ಲ. ನಾವೂ ನಮ್ಮನ್ನು ಕೇಳಿಕೊಳ್ಳಲಿಲ್ಲ. ಪಂಚಾಯಿತಿ ಅಧ್ಯಕ್ಷರ ಮೇಲೆ ಒಂದು ಆರೋಪ ಬರೆಯಬೇಕಾದರೆ ಎರಡು ಕಾಗದ ಜೋಡಿಸಿಕೊಳ್ಳುವ ನಾವು, ಹುಡುಗಿಯರ ಮುಖದ ವಿಷಯಕ್ಕೆ ಒಂದು ಕಾಗದವನ್ನೂ ನೋಡಲಿಲ್ಲ.

ಆ ಪುಟದ ಫೋಟೊ ನಮ್ಮ ಓಣಿಯ ವಾಟ್ಸಾಪ್ ಗುಂಪಿಗೂ ಬಂತು. ಓಣಿಯಲ್ಲೇ ಒಬ್ಬಳು ಪಿಯುಸಿ ಹುಡುಗಿ. ಹಣೆ, ಕೆನ್ನೆ ಎರಡರಲ್ಲೂ ಮೊಡವೆ. ಆನ್‌ಲೈನ್‌ನಲ್ಲಿ 149 ರೂಪಾಯಿಗೆ ಹಸಿರು ಕಲ್ಲು ತರಿಸಿಕೊಂಡಳು. ಮನೆಯಲ್ಲಿದ್ದ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬೆಳಿಗ್ಗೆ, ರಾತ್ರಿ ಕೆನ್ನೆ ಕೆರೆದುಕೊಂಡಳು. ದೀಪಾವಳಿ ಹೊತ್ತಿಗೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ದುಪಟ್ಟಾ ಕಣ್ಣಿನವರೆಗೂ ಸುತ್ತಿತ್ತು. ಯಾಕವ್ವ ಅಂದರೆ, 'ಪೇಪರ್‌ನ್ಯಾಗ ನೀವ ಬರದಿದ್ರಲ್ಲ ಅಣ್ಣಾರ' ಅಂದಳು. ಅಷ್ಟೇ ಅಂದಿದ್ದು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನಾವು ಓದಿದೆವು, ವೈದ್ಯರನ್ನು ಕೇಳಿದೆವು. ಮೊದಲೇ ಮಾಡಬೇಕಾಗಿದ್ದ ಕೆಲಸ. ಈಗ ಹೇಳುತ್ತೇವೆ: ಗುಳ್ಳೆ ಎದ್ದಿರುವ ಮುಖದ ಮೇಲೆ ಈ ಕಲ್ಲು ಆಡಿಸಬಾರದು. ಆಡಿಸಿ ಅಂತ ಹೇಳುವವರು ಒಂದೋ ತಿಳಿಯದೆ ಹೇಳುತ್ತಿದ್ದಾರೆ, ಇಲ್ಲವೇ ಕಲ್ಲು ಮಾರುತ್ತಿದ್ದಾರೆ.

ಕಲ್ಲಿನ ಮೂಲ ಚೀನಾ. ಗುವಾ ಅಂದರೆ ಕೆರೆಯುವುದು, ಶಾ ಅಂದರೆ ಕೆರೆದಾಗ ಚರ್ಮದ ಮೇಲೆ ಏಳುವ ಕೆಂಪು ಚುಕ್ಕೆ. ಜ್ವರ ಬಂದವರಿಗೆ, ಮೈಕೈ ನೋವಿನವರಿಗೆ ಬೆನ್ನಿಗೆ, ಕತ್ತಿಗೆ ಎಣ್ಣೆ ಹಚ್ಚಿ ಎಮ್ಮೆ ಕೊಂಬಿನ ತುಂಡು, ಚಮಚ, ನಾಣ್ಯ ಹೀಗೆ ಕೈಗೆ ಸಿಕ್ಕಿದ್ದರಿಂದ ಕೆರೆಯುತ್ತಿದ್ದರು. ವಿಯೆಟ್ನಾಂ, ಇಂಡೋನೇಷ್ಯಾದ ಹಳ್ಳಿಗಳಲ್ಲೂ ನಾಣ್ಯದಿಂದ ಕೆರೆಯುವ ಪದ್ಧತಿ ಇದೆ. ಕೆಂಪು ಏಳಬೇಕು, ಎದ್ದರೇ ಕೆಲಸ ಆದಂತೆ. 2001ರಲ್ಲಿ ಇದೇ ಹೆಸರಿನ ಚೀನೀ ಸಿನಿಮಾ ಒಂದು ಬಂದಿತ್ತು. ಅಮೆರಿಕದ ಸೇಂಟ್ ಲೂಯಿಸ್ ಊರಿನಲ್ಲಿ ನೆಲೆಸಿದ ಚೀನೀ ಕುಟುಂಬ. ಅಜ್ಜ ಮೊಮ್ಮಗನ ಬೆನ್ನಿಗೆ ಗುವಾ ಶಾ ಮಾಡುತ್ತಾನೆ. ಬೆನ್ನ ಮೇಲಿನ ಬರೆ ನೋಡಿದ ಅಲ್ಲಿಯವರು ಮಗುವಿಗೆ ಹೊಡೆದಿದ್ದಾರೆ ಅಂತ ಕೋರ್ಟಿಗೆ ಎಳೆಯುತ್ತಾರೆ. ಅಂದರೆ ಅಸಲಿ ಗುವಾ ಶಾ ಹೊಡೆದ ಗುರುತಿನಂತೆ ಕಾಣುವಷ್ಟು ಬಿರುಸು. ಅದು ಬೆನ್ನಿನ ಮದ್ದು. ಮೊಡವೆಯ ಮದ್ದು ಅಲ್ಲ.

ಮುಖಕ್ಕೆ ಮಾಡುವುದು ಇದರ ಮೆದು ರೂಪ, ಬ್ಯೂಟಿ ಪಾರ್ಲರ್‌ನ ರೂಪ. ಹಗುರ ಕೈಯಲ್ಲಿ ಆಡಿಸಿದರೆ ಬೆಳಗಿನ ಊತ ಸ್ವಲ್ಪ ಹೊತ್ತು ಇಳಿಯುತ್ತದೆ, ಬಿಗಿಹಿಡಿದ ದವಡೆ ಸಡಿಲವಾಗುತ್ತದೆ, ಹಾಯ್ ಅನ್ನಿಸುತ್ತದೆ. ಇದನ್ನು ನಾವು ಅಲ್ಲಗಳೆಯುವುದಿಲ್ಲ. ರಕ್ತ ಸಂಚಾರ ಹೆಚ್ಚುತ್ತದೆ ಅನ್ನುವುದೂ ಪೂರ್ತಿ ಸುಳ್ಳಲ್ಲ. 2007ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಕೆರೆದ ಜಾಗದಲ್ಲಿ ಮೊದಲ 7.5 ನಿಮಿಷ ಚರ್ಮದ ಮೇಲ್ಪದರದ ರಕ್ತ ಸಂಚಾರ ನಾಲ್ಕು ಪಟ್ಟಾಗಿತ್ತು. ಆದರೆ ಅದರಲ್ಲಿ ಇದ್ದವರು 11 ಜನ, ಎಲ್ಲರೂ ಆರೋಗ್ಯವಂತರು. ಮೊಡವೆ ಹೋಗುತ್ತದೋ ಇಲ್ಲವೋ ಅಂತ ನೋಡಿದ ಅಧ್ಯಯನ ಅದಲ್ಲ. ರೀಲ್ಸ್‌ನವರು ರಕ್ತ ಸಂಚಾರದಿಂದ ನೇರ ಮೊಡವೆ ಮಾಯಕ್ಕೆ ಹಾರಿಬಿಡುತ್ತಾರೆ, ನಡುವಿನ ಹಳ್ಳ ತೋರಿಸುವುದೇ ಇಲ್ಲ.

ಹಳ್ಳದಲ್ಲಿ ಏನಿದೆ ನೋಡೋಣ.

ಮುಖದ ಪ್ರತಿ ಕೂದಲಿನ ಬುಡಕ್ಕೂ ಒಂದು ಎಣ್ಣೆ ಗ್ರಂಥಿ ಅಂಟಿಕೊಂಡಿರುತ್ತದೆ. ಹರೆಯಕ್ಕೆ ಬಂದಾಗ ಹಾರ್ಮೋನಿನ ಕಾರಣಕ್ಕೆ ಅದು ಎಣ್ಣೆ ಹೆಚ್ಚು ಸುರಿಸುತ್ತದೆ. ರಂಧ್ರದ ಬಾಯಿ ಸತ್ತ ಚರ್ಮದ ಕಣಗಳಿಂದ ಕಟ್ಟಿಕೊಳ್ಳುತ್ತದೆ. ಒಳಗೆ ಎಣ್ಣೆ ತುಂಬುತ್ತದೆ, ಚರ್ಮದಲ್ಲಿ ಮೊದಲಿನಿಂದ ಇರುವ ಬ್ಯಾಕ್ಟೀರಿಯಾ ಅಲ್ಲಿ ಹೆಚ್ಚುತ್ತದೆ, ಚೀಲ ಉಬ್ಬುತ್ತದೆ. ಚೀಲದ ಗೋಡೆ ಚರ್ಮದ ಒಳಗೇ ಒಡೆದರೆ ಕೆಂಪಗೆ, ನೋವಾಗುವ ಗುಳ್ಳೆ. ಕಪ್ಪು ತಲೆಯ ಚುಕ್ಕೆ ಕೂಡ ಕೊಳೆ ಅಲ್ಲ. ಒಳಗಿನ ಸರಕಿಗೆ ಗಾಳಿ ತಾಗಿ ಬಂದ ಕಪ್ಪು. ಆದ್ದರಿಂದ ಮೊಡವೆ ಬಂದ ಹುಡುಗಿಗೆ 'ಮುಖ ಸರಿಯಾಗಿ ತೊಳೆಯಲ್ಲ' ಅಂತ ಹೇಳುವ ಚಿಕ್ಕಮ್ಮಂದಿರು ದಯವಿಟ್ಟು ಸುಮ್ಮನಿರಬೇಕು.

ಈಗ ಆ ಉಬ್ಬಿದ ಚೀಲದ ಮೇಲೆ ಕಲ್ಲಿನ ಅಂಚು ಒತ್ತಿ ಎಳೆಯಿರಿ. ಸರಕು ಮೇಲೆ ಬರುವುದಿಲ್ಲ, ಬಾಯಿ ಮುಚ್ಚಿದೆಯಲ್ಲ. ಅಕ್ಕಪಕ್ಕಕ್ಕೆ, ಇನ್ನೂ ಒಳಕ್ಕೆ ಒಡೆಯುತ್ತದೆ. ಒಂದು ಗುಳ್ಳೆ ಇದ್ದಲ್ಲಿ ಗಡ್ಡೆ ಆಗುತ್ತದೆ. ಒತ್ತಡ ಮತ್ತು ತಿಕ್ಕಾಟದಿಂದಲೇ ಮೊಡವೆ ಏಳುತ್ತದೆ, ಇರುವುದು ಕೆರಳುತ್ತದೆ ಅನ್ನುವುದು ಹೊಸ ಸಂಗತಿಯೂ ಅಲ್ಲ. 1975ರಲ್ಲೇ ಅಮೆರಿಕದ ಮಿಲ್ಸ್ ಮತ್ತು ಕ್ಲಿಗ್ಮನ್ ಎಂಬಿಬ್ಬರು ಇದನ್ನು ಬರೆದಿಟ್ಟಿದ್ದಾರೆ. ಹೆಲ್ಮೆಟ್ ಪಟ್ಟಿ ತಿಕ್ಕುವ ಗದ್ದದ ಮೇಲೆ ಗುಳ್ಳೆ ಏಳುವುದು ಇದೇ ಕಾರಣಕ್ಕೆ. ಕೊರೊನಾ ಕಾಲದಲ್ಲಿ ಮಾಸ್ಕ್ ಹಾಕಿದವರಿಗೂ ಆಯಿತು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಉರಿಯುವ ಜಾಗ ಉಜ್ಜಬಾರದು ಅಂತ ಯಾರೂ ಪಾಠ ಹೇಳಿಕೊಡಬೇಕಿಲ್ಲ. ಅದೇ ಹೆಣ್ಣುಮಕ್ಕಳ ಮಕ್ಕಳಿಗೆ ಫೋನ್ ಉಜ್ಜು ಅಂತ ಹೇಳಿಕೊಡುತ್ತಿದೆ.

ಇನ್ನು ಎಣ್ಣೆ. ಒಣ ಚರ್ಮದ ಮೇಲೆ ಕಲ್ಲು ಜಾರುವುದಿಲ್ಲ, ಹಾಗಾಗಿ ಎಣ್ಣೆ ಹಚ್ಚಲೇಬೇಕು. ರೀಲ್ಸ್‌ನಲ್ಲಿ ಸಣ್ಣ ಗಾಜಿನ ಬಾಟಲಿಯ ದುಬಾರಿ ಎಣ್ಣೆ. ನಮ್ಮ ಊರುಗಳಲ್ಲಿ ಅದರ ಜಾಗಕ್ಕೆ ಬರುವುದು ಕೊಬ್ಬರಿ ಎಣ್ಣೆ. ಕೂದಲಿಗೆ ಅದು ಬಂಗಾರ. ಆದರೆ ರಂಧ್ರ ಕಟ್ಟುವ ಎಣ್ಣೆಗಳ ಸಾಲಿನಲ್ಲೇ ಚರ್ಮವೈದ್ಯರು ಅದನ್ನು ಇಡುತ್ತಾರೆ. ಮೊದಲೇ ಎಣ್ಣೆ ತುಂಬಿ ಬಾಯಿ ಕಟ್ಟಿದ ರಂಧ್ರದ ಮೇಲೆ ಇನ್ನಷ್ಟು ಎಣ್ಣೆ ಸುರಿದು ಕಲ್ಲಿನಿಂದ ಒತ್ತಿ ತುಂಬುವುದು! ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿದೇ ಕೂದಲಂಚಿನಲ್ಲಿ ಸಣ್ಣ ಗುಳ್ಳೆಗಳ ಸಾಲು ಬರುತ್ತದೆ. ಹಣೆ ತುಂಬಾ ಗುಳ್ಳೆ ಇರುವವರು ಒಂದು ತಿಂಗಳು ತಲೆಯ ಎಣ್ಣೆ ಕಡಿಮೆ ಮಾಡಿ, ಹಚ್ಚಿದ ದಿನವೇ ತೊಳೆದು ನೋಡಿ. ಕಾಸು ಖರ್ಚಿಲ್ಲದ ಪ್ರಯೋಗ.

ನಮ್ಮ ಬಣ್ಣದ ಮಾತನ್ನೂ ಹೇಳಬೇಕು. ಬಿಳಿ ಚರ್ಮದವರಿಗೆ ಗುಳ್ಳೆ ಹೋದ ಮೇಲೆ ಉಳಿಯುವುದು ಹೆಚ್ಚಾಗಿ ಕೆಂಪು ಗುರುತು. ನಮ್ಮಂಥ ಗೋಧಿ, ಎಣ್ಣೆಗಪ್ಪು ಚರ್ಮ ಕೆರಳಿದ ಕಡೆಯಲ್ಲೆಲ್ಲ ಕಪ್ಪು ಬಣ್ಣ ಸುರಿಯುತ್ತದೆ, ಆ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಬರೀ ತಿಕ್ಕಿದರೂ ಸಾಕು, ಗುಳ್ಳೆಯೇ ಬೇಕಿಲ್ಲ. ಸ್ನಾನದಲ್ಲಿ ನಾರು, ಕಲ್ಲು ಹಾಕಿ ವರ್ಷಗಟ್ಟಲೆ ಗಸಗಸ ತಿಕ್ಕಿಕೊಂಡು ಬೆನ್ನು, ಮೊಣಕೈ, ಕತ್ತಿನ ಮೇಲೆ ಕಪ್ಪು ಪಟ್ಟೆ ಮಾಡಿಕೊಂಡವರನ್ನು ಇಲ್ಲಿಯ ಚರ್ಮವೈದ್ಯರು ದಿನಾ ನೋಡುತ್ತಾರೆ. ಆ ಹುಡುಗಿಯ ಕೆನ್ನೆಯ ಮೇಲೆ ನಾವು ನೋಡಿದ್ದೂ ಅದನ್ನೇ: ಗುಳ್ಳೆ ಒಂದು ಕಡೆ, ಕಲ್ಲು ಎಳೆದ ದಾರಿಯುದ್ದಕ್ಕೂ ಮಸಿ ಎಳೆದಂತೆ ಇನ್ನೊಂದು ಕಡೆ.

ಇಷ್ಟಾದರೂ ಅವಳು ಮೊದಲ ವಾರವೇ ಯಾಕೆ ನಿಲ್ಲಿಸಲಿಲ್ಲ? ಯಾಕೆಂದರೆ ನಿಲ್ಲಿಸಬೇಡ ಅಂತ ರೀಲ್ಸ್ ಹೇಳಿತ್ತು. ಗುಳ್ಳೆ ಹೆಚ್ಚಾದರೆ ಹೆದರಬೇಡಿ, ಒಳಗಿನ ಟಾಕ್ಸಿನ್ ಹೊರಗೆ ಬರುತ್ತಿದೆ, ಮುಂದುವರಿಸಿ ಅಂತ. ನಮಗೆ ಎಲ್ಲಕ್ಕಿಂತ ಸಿಟ್ಟು ತರಿಸುವುದು ಈ ಮಾತು. ಕಡಿಮೆಯಾದರೆ ಕಲ್ಲಿನ ಗುಣ, ಹೆಚ್ಚಾದರೂ ಕಲ್ಲಿನ ಗುಣ. ಇದು ಜೂಜಿನ ಅಡ್ಡೆಯವನ ಲೆಕ್ಕ, ಎರಡೂ ಮುಖ ಅವನದೇ. ದೇಹದ ಬೇಡದ ವಸ್ತು ಹೊರಹಾಕಲು ಲಿವರ್ ಇದೆ, ಕಿಡ್ನಿ ಇದೆ. ಕೆನ್ನೆಯ ಗುಳ್ಳೆ ಚರಂಡಿಯ ಬಾಯಿ ಅಲ್ಲ. ವೈದ್ಯರು ಬರೆಯುವ ಕೆಲವು ಮೊಡವೆ ಮುಲಾಮುಗಳಲ್ಲಿ ಮೊದಲ ಕೆಲವು ವಾರ ಗುಳ್ಳೆ ಹೆಚ್ಚಾದಂತೆ ಕಾಣುವುದುಂಟು, ನಿಜ. ಅವು ಚರ್ಮದ ಕಣಗಳು ಉದುರುವ ವೇಗವನ್ನೇ ಬದಲಿಸುವ ಔಷಧಿಗಳು. ಕಲ್ಲಿನಲ್ಲಿ ಅಂಥ ಔಷಧಿ ಏನಿದೆ? ಕಲ್ಲು ತಿಕ್ಕಿ ಗುಳ್ಳೆ ಹೆಚ್ಚಾಯಿತು ಅಂದರೆ ಕಲ್ಲು ತಿಕ್ಕಿದ್ದಕ್ಕೇ ಹೆಚ್ಚಾಯಿತು.

ನ್ಯಾಚುರಲ್ ಅನ್ನುವ ಮಾತೂ ಹಾಗೆಯೇ. ಎಕ್ಕದ ಹಾಲೂ ನ್ಯಾಚುರಲ್. ಕಣ್ಣಿಗೆ ಬಿಟ್ಟುಕೊಳ್ಳುತ್ತೀರಾ?

ಕತೆ ಇಲ್ಲಿಗೇ ನಿಂತಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಮುಖ ಕೆಟ್ಟ ಮೇಲೆ ಹುಡುಗಿಯ ತಾಯಿ ಮೆಡಿಕಲ್ ಶಾಪಿಗೆ ಹೋದರು. ಅಂಗಡಿಯವನು ಚೀಟಿ ಕೇಳದೆ ಒಂದು ಟ್ಯೂಬ್ ಕೊಟ್ಟ. ಹಚ್ಚಿದ ಮೂರೇ ದಿನಕ್ಕೆ ಕೆಂಪು ಇಳಿಯಿತು, ಮುಖ ಬೆಳ್ಳಗಾಯಿತು, ಮನೆಯಲ್ಲಿ ಹಬ್ಬ. ಮೂರು ವಾರ ಹಚ್ಚಿ ನಿಲ್ಲಿಸಿದ ಕೂಡಲೇ ಮುಖವಿಡೀ ಉರಿದೆದ್ದಿತು. ಟ್ಯೂಬಿನಲ್ಲಿ ಇದ್ದದ್ದು ಸ್ಟೀರಾಯ್ಡ್. ಕಲ್ಲು ಆರಂಭಿಸಿದ್ದನ್ನು ಟ್ಯೂಬ್ ಮುಗಿಸಿತ್ತು.

ಟ್ಯೂಬಿನ ಮೇಲೆ ಬೆಟಾಮೆಥಸೋನ್, ಕ್ಲೊಬೆಟಸೋಲ್, ಮೊಮೆಟಸೋನ್ ಇಂಥ ಹೆಸರು ಕಂಡರೆ ಮೊಡವೆಗೂ ಬಿಳುಪಿಗೂ ಹಚ್ಚಬೇಡಿ. ಮಕ್ಕಳ ಹತ್ತಿರ ಓದಿಸಿಯಾದರೂ ನೋಡಿ. ದಿನಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ನರದ ಗೆರೆ ಕಾಣುತ್ತವೆ, ಮುಖದ ಮೇಲೆ ರೋಮ ಏಳುತ್ತದೆ, ಮೊಡವೆ ದುಪ್ಪಟ್ಟಾಗುತ್ತದೆ. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿರುವವರು ವೈದ್ಯರನ್ನು ಕೇಳಿ ಬಿಡಿಸಿಕೊಳ್ಳಿ, ಇದ್ದಕ್ಕಿದ್ದಂತೆ ನಿಲ್ಲಿಸಿದರೂ ಮುಖ ಕೆರಳುತ್ತದೆ. ಚರ್ಮವೈದ್ಯರ ಸಂಘದವರು ವರ್ಷಗಟ್ಟಲೆ ಕೂಗಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಹಚ್ಚುವ ಸ್ಟೀರಾಯ್ಡ್‌ಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಶೆಡ್ಯೂಲ್ ಎಚ್‌ಗೆ ಸೇರಿಸಿತು. ಆದರೂ ಕೈಚಾಚಿದರೆ ಸಿಗುತ್ತವೆ. ಇದರ ಬಗ್ಗೆ ಬೇರೆಯದೇ ವರದಿ ಬರೆಯುವವರಿದ್ದೇವೆ.

ಹಾಗಾದರೆ ಏನು ಮಾಡಬೇಕು? ಮೊಡವೆಗೆ ಔಷಧಿ ಇದೆ, ದುಬಾರಿಯೂ ಅಲ್ಲ. ಬೆಂಜೈಲ್ ಪೆರಾಕ್ಸೈಡ್, ಅಡಾಪಲೀನ್ ಅನ್ನುವ ಎರಡು ಜೆಲ್‌ಗಳು ಪ್ರಪಂಚದಾದ್ಯಂತ ಮೊಡವೆ ಚಿಕಿತ್ಸೆಯ ಮೊದಲ ಸಾಲಿನಲ್ಲಿವೆ. ವೈದ್ಯರು ನೋಡಿ ಹೇಳಿದಷ್ಟೇ, ಹೇಳಿದ ಹೊತ್ತಿಗೇ ಹಚ್ಚಬೇಕು. ಅಡಾಪಲೀನ್ ರಾತ್ರಿ ಹಚ್ಚುವುದು, ಗರ್ಭಿಣಿಯರಿಗೆ ಬೇಡ. ಬೆಂಜೈಲ್ ಪೆರಾಕ್ಸೈಡ್ ತಾಗಿದರೆ ದಿಂಬು, ಟವೆಲ್ ಬಣ್ಣ ಹೋಗುತ್ತದೆ, ಹಳೆಯ ಬಟ್ಟೆ ಬಳಸಿ. ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ಇದನ್ನು ಯಾವ ರೀಲ್ಸೂ ಹೇಳುವುದಿಲ್ಲ, ಹನ್ನೆರಡು ವಾರದ ವಿಡಿಯೊ ಯಾರು ನೋಡುತ್ತಾರೆ? ದಿನಕ್ಕೆ ಎರಡು ಸಲ ಸಾದಾ ಫೇಸ್‌ವಾಶ್ ಅಥವಾ ಮೃದು ಸೋಪಿನಿಂದ ತೊಳೆದರೆ ಸಾಕು. ನಿಂಬೆಹಣ್ಣು, ಅಡುಗೆ ಸೋಡಾ, ಟೂತ್‌ಪೇಸ್ಟ್ ಯಾವುದೂ ಬೇಡ. ಬಿಸಿಲಿಗೆ ಹೋಗುವಾಗ ಮುಖ ಮುಚ್ಚಿಕೊಳ್ಳಿ, ಕಲೆ ಕಪ್ಪಾಗುವುದು ಬಿಸಿಲಿಗೆ. ಮೊಡವೆಯ ಜೊತೆ ಮುಟ್ಟು ಏರುಪೇರಾಗುತ್ತಿದ್ದರೆ, ಗದ್ದದ ಮೇಲೆ ಕೂದಲು ಬರುತ್ತಿದ್ದರೆ, ಅದು ಬರೀ ಮುಖದ ಸಮಸ್ಯೆ ಅಲ್ಲದಿರಬಹುದು, ವೈದ್ಯರಿಗೆ ಮುಚ್ಚಿಡದೆ ಹೇಳಿ.

ಜಿಲ್ಲಾ ಆಸ್ಪತ್ರೆಗೆ ಹೋಗಿ ಕೇಳಿ. ನಮ್ಮ ಕಡೆಯವರಿಗೆ ಹುಬ್ಬಳ್ಳಿಯ ಕೆಎಂಸಿಆರ್‌ಐನಲ್ಲಿ (ಹಿಂದಿನ ಕಿಮ್ಸ್) ಚರ್ಮ ವಿಭಾಗವೇ ಇದೆ. ಆದರೆ ಹುಡುಗಿಯರು ಯಾಕೆ ಹೋಗುವುದಿಲ್ಲ ಅಂತ ಅವಳ ಜೊತೆ ಹೋದಾಗಲೇ ನಮಗೆ ತಿಳಿದದ್ದು. ಚರ್ಮದ ವಿಭಾಗಕ್ಕೆ ವೈದ್ಯಶಾಸ್ತ್ರದಲ್ಲಿ ಇರುವ ಪೂರ್ತಿ ಹೆಸರು ಚರ್ಮ, ಲೈಂಗಿಕ ಮತ್ತು ಕುಷ್ಠರೋಗ ವಿಭಾಗ. ಬೋರ್ಡಿನ ಮೇಲೆ ಮೂರೂ ಬರೆದಿರುತ್ತಾರೆ. ಆ ಬೋರ್ಡಿನ ಕೆಳಗೆ ಸಾಲಿನಲ್ಲಿ ನಿಲ್ಲಲು ಮದುವೆ ವಯಸ್ಸಿನ ಮಗಳನ್ನು ಯಾವ ತಾಯಿ ಕರೆತರುತ್ತಾಳೆ? ಊರಿನವರು ಯಾರಾದರೂ ನೋಡಿದರೆ? ಆ ತಾಯಿ ಆ ದಿನ ಗೋಡೆ ಕಡೆ ಮುಖ ಮಾಡಿ ನಿಂತಿದ್ದರು. 149 ರೂಪಾಯಿಯ ಕಲ್ಲು ಗೆಲ್ಲುವುದು ಇಲ್ಲಿ. ಕಲ್ಲು ಪಾರ್ಸೆಲ್‌ನಲ್ಲಿ ಮನೆಗೇ ಬರುತ್ತದೆ, ಯಾರೂ ನೋಡುವುದಿಲ್ಲ. ಆ ಬೋರ್ಡಿನ ಪಕ್ಕದಲ್ಲಿ 'ಮೊಡವೆ, ತಲೆಹೊಟ್ಟು, ಕೂದಲು ಉದುರುವುದಕ್ಕೂ ಇಲ್ಲೇ ತೋರಿಸಿ' ಅಂತ ಇನ್ನೊಂದು ಬೋರ್ಡ್ ಹಾಕಲು ಆರೋಗ್ಯ ಇಲಾಖೆಗೆ ಎಷ್ಟು ಖರ್ಚಾಗುತ್ತದೆ? ಕೇಳಿಯೇ ಬಿಡೋಣ ಅಂತ ಅರ್ಜಿ ಬರೆದಿದ್ದೇವೆ.

ರೀಲ್ಸ್ ಮಾಡುವವರಿಗೂ ಒಂದು ಮಾತು. ಹಣ ಅಥವಾ ಪುಕ್ಕಟೆ ಸಾಮಾನು ಪಡೆದು ಯಾವುದನ್ನಾದರೂ ಹೊಗಳಿದರೆ ಅದನ್ನು ಸ್ಪಷ್ಟವಾಗಿ ತಿಳಿಸಬೇಕು ಅಂತ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲೇ ಹೇಳಿದೆ. ನೀವು ನೋಡುವ ವಿಡಿಯೊದಲ್ಲಿ ಅದು ಇದೆಯಾ, ಕೆಳಗೆ ಕಲ್ಲು ಕೊಳ್ಳುವ ಲಿಂಕ್ ಮಾತ್ರ ಇದೆಯಾ ನೋಡಿ. ಮೋಸ ಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

'ನನಗೆ ಮೊಡವೆ ಇಲ್ಲ, ಬರೀ ಎಣ್ಣೆ ಚರ್ಮ, ಕಲ್ಲು ತೆಗೆದುಕೊಂಡಾಗಿದೆ' ಅನ್ನುವವರು ಇರುತ್ತೀರಿ. ಬಿಸಾಡಿ ಅನ್ನುವುದಿಲ್ಲ. ಗುಳ್ಳೆ, ಗಾಯ, ನರುಲಿ ಇಲ್ಲದ ಕಡೆ ಮಾತ್ರ, ಚರ್ಮ ಕೆಂಪಾಗದಷ್ಟು ಹಗುರವಾಗಿ, ಎಣ್ಣೆಯ ಬದಲು ರಂಧ್ರ ಕಟ್ಟದ ತೆಳು ಜೆಲ್ ಹಚ್ಚಿ ಆಡಿಸಿ, ಮುಗಿದ ಮೇಲೆ ಮುಖವನ್ನೂ ಕಲ್ಲನ್ನೂ ಸೋಪಿನಿಂದ ತೊಳೆಯಿರಿ. ಮೊಡವೆ ಜೆಲ್ ಹಚ್ಚುತ್ತಿರುವವರ ಚರ್ಮ ಮೊದಲೇ ನಾಜೂಕಾಗಿರುತ್ತದೆ, ಅವರಿಗೆ ಕಲ್ಲು ಬೇಡ. ಹಾಸ್ಟೆಲ್ ಹುಡುಗಿಯರು ಇದನ್ನು ಗಮನವಿಟ್ಟು ಓದಿ: ಒಂದೇ ಕಲ್ಲು ನಾಲ್ಕು ಜನ ಬಳಸಬೇಡಿ. ಒಬ್ಬಳ ಮುಖದ ಚಪ್ಪಟೆ ನರುಲಿ, ತುಟಿ ಪಕ್ಕದ ನೀರುಗುಳ್ಳೆ ಇವೆಲ್ಲ ವೈರಸ್‌ನಿಂದ ಬರುವಂಥವು. ಕೆರೆದ ಗೆರೆಯುದ್ದಕ್ಕೂ ನರುಲಿ ಸಾಲಾಗಿ ಏಳುವುದುಂಟು.

ನಮ್ಮ ವೃತ್ತಿಯ ಗೆಳೆಯರಿಗೆ ಹೇಳುವುದು ಉಳಿದಿದೆ. ಬ್ಯೂಟಿ ಟಿಪ್ಸ್ ಅಂದರೆ ನಮಗೆ ಜಾಗ ತುಂಬುವ ಸರಕು. ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ಕಾಸು, ಸಂಜೆಯ ಗಡುವು, ಹೆಸರು ಹಾಕುವ ಗೋಜಿಲ್ಲ. ಆದರೆ ನಮ್ಮ ರಾಜಕೀಯ ವಿಶ್ಲೇಷಣೆ ಓದಿ ಯಾರೂ ಏನೂ ಮಾಡಿಕೊಳ್ಳುವುದಿಲ್ಲ. ಈ ಟಿಪ್ಸ್ ಓದಿ ಆ ರಾತ್ರಿಯೇ ಮುಖಕ್ಕೆ ಹಚ್ಚಿಕೊಳ್ಳುತ್ತಾರೆ. ನಾವು ಬರೆದದ್ದರಲ್ಲಿ ಇಷ್ಟು ಬೇಗ ಜಾರಿಗೆ ಬರುವುದು ಬೇರೆ ಯಾವುದೂ ಇಲ್ಲ. ಆ ಪುಟಕ್ಕೆ ತಿದ್ದುಪಡಿ ಹಾಕಿ ಅಂತ ಡೆಸ್ಕ್‌ಗೆ ಎರಡು ಸಲ ಕೇಳಿದೆವು. ಬ್ಯೂಟಿ ಟಿಪ್ಸ್‌ಗೆ ಯಾರು ತಿದ್ದುಪಡಿ ಹಾಕುತ್ತಾರೆ ಅಂತ ನಕ್ಕರು. ಹೋದ ವಾರ ಮತ್ತೆ ಫೋನ್ ಬಂದಿತ್ತು, ಈ ಸಲ ಐಸ್ ರೋಲರ್ ಬಗ್ಗೆ 300 ಪದ. ಚರ್ಮವೈದ್ಯರೊಬ್ಬರ ಮಾತು ಹಾಕುವುದಾದರೆ ಬರೆಯುತ್ತೇವೆ ಅಂದೆವು. ಬೇಡ, ಬೇರೆಯವರ ಹತ್ತಿರ ಬರೆಸುತ್ತೇವೆ ಅಂದರು. ಅದಕ್ಕೇ ಆ ತಿದ್ದುಪಡಿಯನ್ನು ಇಲ್ಲಿ ಹಾಕಿದ್ದೇವೆ.

ಯುಗಾದಿಗೆ ಅವಳನ್ನು ನೋಡಿದೆವು. ಹೊಸ ಗುಳ್ಳೆ ಏಳುವುದು ನಿಂತಿದೆ. ಕಲ್ಲು ಎಳೆದ ಗೆರೆಯ ಕಪ್ಪು ತಿಳಿಯಾಗಿದೆ, ಪೂರ್ತಿ ಹೋಗಿಲ್ಲ. ಎಡಗೆನ್ನೆಯಲ್ಲಿ ಎರಡು ಕುಳಿ ಉಳಿದಿವೆ, ಅವು ಹೋಗುವುದಿಲ್ಲ ಅಂತ ಅವಳಿಗೆ ಗೊತ್ತು. ಕಲ್ಲು ಏನಾಯಿತು ಅಂದರೆ ಒಳಗೆ ಕರೆದು ತೋರಿಸಿದಳು. ಅವಳ ಅಜ್ಜಿ ಅಟ್ಟಣಿಗೆಯ ಕಂಬಕ್ಕೆ ಒರಗಿ ಕೂತು, ಹರಳೆಣ್ಣೆ ಹಚ್ಚಿದ ಮೀನಖಂಡದ ಮೇಲೆ ಅದನ್ನು ಜೋರಾಗಿ ಎಳೆದುಕೊಳ್ಳುತ್ತಿದ್ದರು.